ಗ್ಯಾಲರಿಯಲ್ಲಿ ಹಿಡಿದ ಸುರ

ನನ್ನ ಕೆಲಸ ಸಣ್ಣದು. ಗವಾಯಿಗಳು ಹಾಡುವಾಗ ಅವರ ಎಡಕ್ಕೆ ಕೂತು ಪೇಟಿ ಬಾರಿಸುವುದು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ, ಬಾರಿಸುವವನಿಗೆ ಪೇಟಿ ಮಾಸ್ತರ. ಅದರಲ್ಲೂ ಮುಖ್ಯವಾದದ್ದು ಸುರ ಹಿಡಿಯುವುದು: ಹಾಡುವವರ ಷಡ್ಜದ ಮೇಲೆ ಬೆರಳಿಟ್ಟು, ತಿದಿ ಒತ್ತುತ್ತ, ಒಂದೇ ನಾದವನ್ನು ಎಳೆಯುತ್ತಿರುವುದು. ಕಲಿಸಿದವರು ನನಗೆ ಒಂದೇ ಕಟ್ಟಳೆ ಹಾಕಿದ್ದರು. ಹಾಡುವವರು ನಿಲ್ಲುವ ತನಕ ಸುರ ನಿಲ್ಲಬಾರದು, ಚೇಳು ಕಡಿದರೂ ಸರಿ. ಚೇಳು ಎಂದೂ ಕಡಿಯಲಿಲ್ಲ. ಆ ಕಟ್ಟಳೆಯಿಂದ ನನಗಾದ ಒಂದೇ ಆಪತ್ತು ಬೆಂಗಳೂರಿನಲ್ಲಿ ಆದದ್ದು. ಅದನ್ನು ನಿಧಾನವಾಗಿ ಬರೆಯುತ್ತೇನೆ, ಕಂಡದ್ದನ್ನು ಕಂಡಂತೆ, ಕೇಳಿದ್ದನ್ನು ಕೇಳಿದ್ದೆಂದೇ.

ತೊಂಬತ್ತರ ದಶಕದಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸುತ್ತ ನಾನೂ ನಮ್ಮ ಗವಾಯಿಗಳೂ ಹೋಗದ ಊರಿಲ್ಲ. ಬಸ್ಸಿನಲ್ಲಿ ಪೇಟಿ ನನ್ನ ತೊಡೆಯ ಮೇಲಿರುತ್ತಿತ್ತು. ಗವಾಯಿಗಳು ಒಕ್ಕಲುತನದ ಮನೆಯವರು. ಹಾಡಿಗೆ ಕೂತರೆ ಕಬ್ಬಿನ ಟ್ರ್ಯಾಕ್ಟರ್‌ನವರೂ ಎಂಜಿನ್ ಬಂದ್ ಮಾಡಿ ಕೇಳುತ್ತಿದ್ದರು. ಮಾತಿನಲ್ಲಿ ಮಾತ್ರ ಬಡವರು. ಇನ್ನೊಂದು ಕಪ್ ಚಹಾ ಬೇಕೆಂದು ಕೇಳಲೂ ಅವರಿಗೆ ಸಂಕೋಚ. ಅವರ ಪರವಾಗಿ ನಾನು ಕೇಳುತ್ತಿದ್ದೆ, ಬಂದದ್ದನ್ನು ಎಷ್ಟೋ ಸಲ ನಾನೇ ಕುಡಿಯುತ್ತಿದ್ದೆ.

ಇಂಥವರಿಗೆ ಒಂದು ಪಕ್ಷ ವಿಧಾನಸಭೆಯ ಚುನಾವಣೆಗೆ ಟಿಕೆಟ್ ಕೊಟ್ಟಿತು. ಯಾವ ಪಕ್ಷ, ಯಾವ ಕ್ಷೇತ್ರ ಎಂದು ಬರೆಯುವುದಿಲ್ಲ. ಇಬ್ಬರು ದೊಡ್ಡವರು ಆ ಟಿಕೆಟ್ಟಿಗಾಗಿ ಜಗ್ಗಾಡುತ್ತಿದ್ದರು. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರು ಕೆಡಿಸುತ್ತಿದ್ದರು. ಯಾರೊಂದಿಗೂ ಜಗಳವಿಲ್ಲದ, ಎಲ್ಲರ ಮನೆಯ ಕಾರ್ಯಕ್ಕೂ ಹಾಡಿದ ಮನುಷ್ಯ ಇವರೊಬ್ಬರೇ ಸಿಕ್ಕರು.

ಮೊದಲ ಪ್ರಚಾರಸಭೆಯಲ್ಲಿ ಗವಾಯಿಗಳು ಮೈಕಿನ ಮುಂದೆ ನಿಂತರು, ನಿಂತೇ ಇದ್ದರು. ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಅವರ ಕಿವಿ ಕೆಂಪಾಗುವುದು ಕಾಣಿಸಿತು. ಸ್ವಾಗತಗೀತೆಗೆಂದು ತಂದ ಪೇಟಿ ನನ್ನ ಮುಂದೆಯೇ ಇತ್ತು. ಏನೂ ಯೋಚಿಸದೆ ಅವರ ಷಡ್ಜ ಒತ್ತಿದೆ. ನಲ್ಲಿ ತಿರುವಿದಂತೆ ಮಾತು ಬಂತು. ಭಾಷಣ ಮುಗಿಯುವ ತನಕ ನಾನು ತಿದಿ ಬಿಡಲಿಲ್ಲ.

ಕೆಳಗಿಳಿದ ಮೇಲೆ ಅವರು ನನ್ನ ಕಿವಿಯಲ್ಲಿ ಹೇಳಿದರು: “ಸುರ ಇಲ್ಲದ ಮಾತ ಎಲ್ಲಿಂದ ಎತ್ತಬೇಕಂತನ ತಿಳಿಯೂದಿಲ್ಲರೀ ಮಾಸ್ತರ. ಎಲ್ಲಾ ಕಡೆ ನೀವ ಬರ್ರಿ.”

ಎಲ್ಲ ಕಡೆಗೂ ಹೋದೆ. ಪ್ರತಿ ವೇದಿಕೆಯ ಮೇಲೂ ಅವರ ಬೆನ್ನ ಹಿಂದೆ ಕೂತು ಸುರ ಹಿಡಿದೆ. ಜನ ನನ್ನನ್ನು ಅವರ ಸಲಹೆಗಾರನೆಂದು ತಿಳಿದರು. ನಾನೂ ಹಾಗೆಯೇ ತಿಳಿದುಕೊಂಡು ಒಂದು ಜಾಕೀಟು ಹೊಲಿಸಿದೆ. ಅವರು ಗೆದ್ದಾಗ ಆ ಮತಗಳೆಲ್ಲ ತಿದಿ ಒತ್ತುವ ನನ್ನ ಎಡಗೈಯಿಂದ ಬಂದವು ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಶಾಲೆಯ ಮಾಸ್ತರರು ವರ್ಗಾವಣೆಗೆಂದು ನಮ್ಮ ಮನೆಗೂ ಬರತೊಡಗಿದರು. ನಾನು ಕಣ್ಣು ಅರ್ಧ ಮುಚ್ಚಿ “ನೋಡೂಣ” ಎನ್ನುತ್ತಿದ್ದೆ. ನೋಡಲು ನನ್ನ ಬಳಿ ಏನೂ ಇರಲಿಲ್ಲ.

ಕ್ಷೇತ್ರದಲ್ಲಿ ಒಂದು ಹಳ್ಳದ ಊರಿತ್ತು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಆ ಊರಿನ ಹುಡುಗಿಯರಿಗೆ ಆಚೆ ದಂಡೆಯ ಹೈಸ್ಕೂಲಿಗೆ ದಾರಿಯಿಲ್ಲ. ಒಂದು ಮಳೆಗಾಲ ಬಿಟ್ಟವರು ಮತ್ತೆ ಹೋಗುತ್ತಿರಲಿಲ್ಲ, ಮದುವೆಯಾಗುತ್ತಿತ್ತು. ಅಲ್ಲಿಗೆ ಸೇತುವೆ ಬೇಕೆಂದು ಸದನದಲ್ಲಿ ಕೇಳುತ್ತೇನೆ ಎಂದು ಗವಾಯಿಗಳು ಪ್ರಚಾರದಲ್ಲಿ ಮಾತು ಕೊಟ್ಟಿದ್ದರು, ನನ್ನ ಸುರದ ಮೇಲೆಯೇ. ಗೆದ್ದ ಮೇಲೆ ಮೂರು ಮಳೆಗಾಲ ಹೋದವು. ಸದನದಲ್ಲಿ ಅವರು ಬಾಯಿ ಬಿಡಲಿಲ್ಲ. ಅಲ್ಲಿ ಸುರ ಹಿಡಿಯುವವರಿಲ್ಲ.

ಆ ಊರಿಗೆ ಮತ್ತೆ ಹೋದಾಗ ಒಬ್ಬ ಮುದುಕಿ ಮೊಮ್ಮಗಳ ಕೈ ಹಿಡಿದುಕೊಂಡು ಜೀಪಿಗೆ ಅಡ್ಡ ಬಂದಳು. ಮೊಮ್ಮಗಳು ಐದನೆಯ ಇಯತ್ತೆ ಮುಗಿಸಿದ್ದಳು, ಇನ್ನೆರಡು ವರ್ಷಕ್ಕೆ ಹೈಸ್ಕೂಲು. ಮುದುಕಿ ಸಿಟ್ಟು ಮಾಡಲಿಲ್ಲ, ಸಮಾಧಾನದಿಂದಲೇ ಕೇಳಿದಳು.

“ಹಾಡಾಕ ಬರತೈತಿ, ಬೇಡಾಕ ಬರೂದಿಲ್ಲೇನೋ ತಮ್ಮಾ?”

ಗವಾಯಿಗಳು ಮುಂದಿನ ಅಧಿವೇಶನದಲ್ಲಿ ಮಾತಾಡಲು ಹೆಸರು ಕೊಟ್ಟರು. ನನಗೆ ಬೆಂಗಳೂರಿಗೆ ಟಿಕೆಟ್ ತೆಗೆಸಿದರು.

ಸದನದೊಳಗೆ ಪೇಟಿ ಒಯ್ಯಲು ಬರುವುದಿಲ್ಲ ಎಂಬಷ್ಟು ಬುದ್ಧಿ ನನಗಿತ್ತು. ಅದಕ್ಕೆ ಒಂದೇ ನಾದ ಎಳೆಯುವ ಸಣ್ಣ ಸುರಪೆಟ್ಟಿಗೆಯನ್ನು ಟವೆಲ್ಲಿನಲ್ಲಿ ಸುತ್ತಿ, ಜಾಕೀಟಿನೊಳಗೆ ಇಟ್ಟುಕೊಂಡು ಹೋದೆ. ಬಾಗಿಲಲ್ಲಿ ಪೊಲೀಸನೊಬ್ಬ ನನ್ನ ಹೊಟ್ಟೆಯ ಮೇಲೆ ಕೈಯಾಡಿಸಿದಾಗ ಅದು ಒಮ್ಮೆ ‘ಹುಂ’ ಎಂದಿತು. ಅದನ್ನು ಹೊರಗೇ ಇರಿಸಿಕೊಂಡರು. ಪಾಸು ಇದ್ದುದರಿಂದ ನನ್ನನ್ನು ಒಳಗೆ ಬಿಟ್ಟರು.

ಪ್ರೇಕ್ಷಕರ ಗ್ಯಾಲರಿಯಿಂದ, ಕೆಳಗೆ ಸದನದಲ್ಲಿ ಗವಾಯಿಗಳ ನೆತ್ತಿ ಕಾಣುತ್ತಿತ್ತು. ಸಭಾಧ್ಯಕ್ಷರು ಹೆಸರು ಕರೆದರು. ಗವಾಯಿಗಳು ಎದ್ದರು. ಮೊದಲ ಸಭೆಯಲ್ಲಿ ನಿಂತಂತೆಯೇ ನಿಂತರು. ಮುಂದಿನ ಸಾಲಿನವರೊಬ್ಬರು ತಿರುಗಿ ನೋಡಿ ಪಕ್ಕದವರಿಗೆ ಏನೋ ಹೇಳಿ ನಕ್ಕರು. ಸಭಾಧ್ಯಕ್ಷರು ಮತ್ತೊಮ್ಮೆ ಕರೆದು, ಮಾತಾಡುವುದಿಲ್ಲವಾದರೆ ಮುಂದಿನವರಿಗೆ ಕೊಡುತ್ತೇನೆ ಎಂದರು. ಆಗ ಗವಾಯಿಗಳು ತಲೆಯೆತ್ತಿ ಗ್ಯಾಲರಿಯ ಕಡೆ ನೋಡಿದರು.

ನಾನು ಬಾಯಿ ಮುಚ್ಚಿಕೊಂಡೇ ಸುರ ಹಿಡಿದೆ.

ಮೊದಲು ಸಣ್ಣಗೆ ಹಿಡಿದೆ. ಕೆಳಗೆ ಮುಟ್ಟಲಿಕ್ಕಿಲ್ಲ ಎನಿಸಿ ಸ್ವಲ್ಪ ಏರಿಸಿದೆ. ನನ್ನ ಪಕ್ಕದವರು ಸರಿದು ಕೂತರು. ಸದನದಲ್ಲಿ ತಲೆಗಳು ಒಂದೊಂದಾಗಿ ಮೇಲೆದ್ದವು. ಬಿಳಿ ಸಮವಸ್ತ್ರದ ಇಬ್ಬರು ಬಂದು ನನ್ನ ಎರಡೂ ರಟ್ಟೆ ಹಿಡಿದರು. ಯಾವ ಬುದ್ಧಿವಂತನಾದರೂ ಅಲ್ಲಿಗೆ ನಿಲ್ಲಿಸುತ್ತಿದ್ದ. ನನಗೆ ಕಟ್ಟಳೆ ಅಡ್ಡ ಬಂತು. ಹಾಡುವವರು ಇನ್ನೂ ಶುರುವನ್ನೇ ಮಾಡಿಲ್ಲ, ನಾನು ನಿಲ್ಲಿಸುವುದು ಹೇಗೆ? ಮೆಟ್ಟಿಲು ಹತ್ತುವಾಗಲೂ ಎಳೆಯುತ್ತಲೇ ಇದ್ದೆ. ಬಾಗಿಲು ಮುಚ್ಚಿತು. ಒಳಗೆ ಮುಂದೇನಾಯಿತೆಂದು ನಾನು ಕಂಡಿಲ್ಲ.

ನನ್ನನ್ನು ಒಂದು ಕೋಣೆಯಲ್ಲಿ ಕೂರಿಸಿದರು. ಒಬ್ಬ ಅಧಿಕಾರಿ, ನೀವು ಯಾವ ಸಂಘಟನೆಯವರು, ಬೇಡಿಕೆ ಏನು ಎಂದು ಕೇಳಿದ. ಪೇಟಿ ಮಾಸ್ತರ ಎಂದೆ. ಅದು ಸಂಘಟನೆಯ ಹೆಸರೇ ಎಂದ. ಕೊಟ್ಟ ನೀರು ಕುಡಿಯಹೋಗಿ ಜಾಕೀಟಿನ ಮೇಲೆ ಚೆಲ್ಲಿಕೊಂಡೆ. ಗವಾಯಿಗಳ ಮರ್ಯಾದೆಯನ್ನೂ, ಆ ಹುಡುಗಿಯ ಹೈಸ್ಕೂಲನ್ನೂ ಒಂದೇ ಉಸಿರಿನಲ್ಲಿ ಮುಗಿಸಿಬಿಟ್ಟೆ ಎಂದುಕೊಂಡು ಕೂತಿದ್ದೆ.

ಬಹಳ ಹೊತ್ತಿನ ಮೇಲೆ ಗವಾಯಿಗಳೇ ಬಂದು ಬಿಡಿಸಿಕೊಂಡು ಹೋದರು. ನಾನು ಮುಖ ಎತ್ತಲಿಲ್ಲ. ಗೇಟಿನ ಹೊರಗೆ ಬಂದ ಮೇಲೆ ಅವರು ಹೇಳಿದ್ದಿಷ್ಟು:

“ಎಂಥಾ ಸುರ ಹಿಡಿದ್ರಿ ಮಾಸ್ತರ? ಅರ್ಧ ಮನಿ ಮ್ಯಾಲಿತ್ತು. ಮೈ ಉರದ ಹೋತ ನನಗ.”

ಪೇಟಿಯ ಒಂದೊಂದು ಕೀಲಿಗೆ ನಾವು ಮನೆ ಎನ್ನುತ್ತೇವೆ; ನನ್ನ ಸುರ ಅವರ ಷಡ್ಜಕ್ಕಿಂತ ಅರ್ಧ ಕೀಲಿ ಏರಿತ್ತು. ನಡೆದದ್ದು ಹೀಗಂತೆ. ತಪ್ಪಿದ ಸುರ ಕೇಳಿ ಅವರಿಗೆ ಮೊದಲು ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಅಂಜಿಕೆ ಮರೆತುಹೋಯಿತು. ಅಷ್ಟರಲ್ಲಿ ನನ್ನನ್ನು ಎಳೆದೊಯ್ಯುವುದು ಕಂಡು, ಅವರು ನಮ್ಮ ಪೇಟಿ ಮಾಸ್ತರ, ಹುಚ್ಚರಲ್ಲ, ದಯಮಾಡಿ ಬಿಡಬೇಕು ಎಂದು ಸಭಾಧ್ಯಕ್ಷರಿಗೆ ಕೈ ಮುಗಿದರು. ಸದನ ನಕ್ಕಿತು. ಬಾಯಿ ತೆರೆದದ್ದು ತೆರೆದೇ ಇತ್ತು. ಹಳ್ಳದ ಮಾತು ಅದರ ಹಿಂದೆಯೇ ಬಂತು, ಯಾವ ಸುರವೂ ಇಲ್ಲದೆ. ಅಂದರೆ ಗವಾಯಿಗಳ ರಾಜಕೀಯಕ್ಕೆ ನಾನು ಸಲ್ಲಿಸಿದ ದೊಡ್ಡ ಸೇವೆ, ಅರ್ಧ ಮನೆ ತಪ್ಪಿದ್ದು.

ಆಮೇಲೆ ಅವರ ಭಾಷಣಕ್ಕೆ ನಾನು ಬೇಕಾಗಲಿಲ್ಲ. ಜಾಕೀಟು ಪೆಟ್ಟಿಗೆ ಸೇರಿತು. ಸೇತುವೆ ಮಂಜೂರಾಯಿತು. ಕಂಬ ಏಳುವಷ್ಟರಲ್ಲಿ ಚುನಾವಣೆ ಬಂದು ಗವಾಯಿಗಳು ಸೋತರು. ಸ್ವಂತ ಸುರದಲ್ಲಿ ಮಾತಾಡಲು ಕಲಿತ ಮೇಲೆ ಅವರು ಕೆಲವರಿಗೆ ಬೇಕಾದ್ದಕ್ಕಿಂತ ಹೆಚ್ಚು ಮಾತಾಡಿದ್ದರು. ಸೇತುವೆಯ ಉದ್ಘಾಟನೆಗೆ ಹೊಸ ಶಾಸಕರು ಬಂದರು. ನಮಗೆ ಪ್ರಾರ್ಥನೆ ಹಾಡಲು ಕರೆ ಬಂತು. ಬಸ್ಸಿನಲ್ಲಿ ಹೋದೆವು, ಪೇಟಿ ನನ್ನ ತೊಡೆಯ ಮೇಲೆ.

ಮುದುಕಿ ವೇದಿಕೆಯ ಪಕ್ಕದಲ್ಲೇ ಕೂತಿದ್ದಳು. ಮೊಮ್ಮಗಳು ಬಂದಿರಲಿಲ್ಲ. ಎಲ್ಲಿ ಎಂದು ಗವಾಯಿಗಳು ಅಂಜುತ್ತಲೇ ಕೇಳಿದರು. ಇದೇನು ಕೇಳುವ ಮಾತೇ ಎಂಬಂತೆ ಮುದುಕಿ ಹೇಳಿದಳು, “ಸಾಲಿಗೆ ಹೋಗ್ಯಾಳ.” ಆಮೇಲೆ, ಬೆಂಗಳೂರಿನಲ್ಲಿ ನೀನು ಏನೆಂದು ಬೇಡಿದೆ ಎಂದು ಕೇಳಿದಳು.

“ಮೊದಲ ನಮ್ಮ ಮಾಸ್ತರನ್ನ ಬಿಡ್ರಿ ಅಂತ ಬೇಡಿದ್ನಿ ಆಯಿ. ಹೆಂಗೂ ಬೇಡಾಕ ನಿಂತೇನಿ ಅಂತ, ಇದನ್ನೂ ಬೇಡಿದ್ನಿ.”

ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಸೇತುವೆಯ ಪಕ್ಕಕ್ಕೆ ನನ್ನನ್ನು ಇಟ್ಟು ತೂಗಿದಂತಿತ್ತು. ನಾನು ತಲೆ ತಗ್ಗಿಸಿ ಷಡ್ಜದ ಮೇಲೆ ಬೆರಳಿಟ್ಟೆ. ಒತ್ತುವ ಮೊದಲು ಗವಾಯಿಗಳು ಬಗ್ಗಿ, ನನ್ನ ಬೆರಳು ಎಲ್ಲಿದೆ ಎಂದು ನೋಡಿಕೊಂಡರು.