ಅಕ್ಕನ ಜಾಗದಿಂದ ನೋಡಿದ ಟಿವಿ

ನಾನು ಯಾವ ವಸ್ತುವನ್ನೂ ಸುಮ್ಮನೆ ಕೊಳ್ಳುವವನಲ್ಲ. ಮಿಕ್ಸಿ ತರಬೇಕಾದರೂ ವಾರಗಟ್ಟಲೆ ಓದಿ, ನಾಲ್ಕು ಜನರ ತಲೆ ತಿಂದು, ಆಮೇಲೆ ಅಂಗಡಿಯ ಮೆಟ್ಟಿಲು ಹತ್ತುತ್ತೇನೆ. ಮನೆಯಲ್ಲಿ ಇದನ್ನು ಆಡಿಕೊಂಡು ನಗುತ್ತಾರೆ. ನಗದೆ ಹೆಮ್ಮೆಪಡುತ್ತಿದ್ದವಳು ಅಕ್ಕ ಒಬ್ಬಳೇ.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ಪುಟ್ಟೇನಹಳ್ಳಿಯ ನಮ್ಮ ಮನೆಗೇ ಬಂದಳು. ಅವಳಿಗೆ ಧಾರಾವಾಹಿ ಬೇಡ, ಕ್ರಿಕೆಟ್ ಬೇಕು. ಕೆರೆಯ ಪಕ್ಕದ ನಮ್ಮ ಹೊಲದಲ್ಲಿ ಕಳೆ ಕೀಳುವಾಗ ರೇಡಿಯೋದಲ್ಲಿ ಕಾಮೆಂಟರಿ ಕೇಳಿ ಹತ್ತಿದ ಹುಚ್ಚು ಅದು. ಹೊಲ ಹೋಗಿ ಅಪಾರ್ಟ್‌ಮೆಂಟ್ ಬಂತು, ಹುಚ್ಚು ಹೋಗಲಿಲ್ಲ. ಬಾಗಿಲ ಪಕ್ಕದ ದಿವಾನದ ಮೇಲೆ ಕಾಲು ಚಾಚಿ ಕೂತು, ಅಂಪೈರ್‌ಗಿಂತ ಮೊದಲೇ ಔಟ್ ಕೊಡುತ್ತಿದ್ದಳು.

ಯುಗಾದಿ ಕಳೆದ ಮೇಲೆ ಒಂದು ಸಂಜೆ ಹೇಳಿದಳು, "ಸ್ಟಂಪು ಸೊಟ್ಟಗೆ ಕಾಣ್ತವೆ ಕಣೋ. ಮಧ್ಯದ್ದು ಅಂಗೇ ಅಳಿಸ್ದಂಗ್ ಆಗ್ತದೆ. ಬಾಲಂತೂ ಕಾಣೋದೇ ಇಲ್ಲ."

ನಾನು ಸೋಫಾದ ನಟ್ಟನಡುವೆ ಕೂತಿದ್ದೆ. ನನಗೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. "ಟಿವಿ ಹಳೇದಾಯ್ತಕ್ಕ. ಪಕ್ಕದಿಂದ ನೋಡಿದ್ರೆ ಹಂಗೇನೆ. ಹೊಸದು ತರೋಣ, ಎಲ್ಲಾ ತಿಳ್ಕೊಂಡು ತರ್ತೀನಿ," ಎಂದೆ.

ತಿಳಿದುಕೊಳ್ಳಲು ಶುರುಮಾಡಿದೆ. ಎಲ್‌ಇಡಿ ಟಿವಿ ಎನ್ನುವುದು ನಿಜದಲ್ಲಿ ಎಲ್‌ಸಿಡಿ ಪರದೆಯೇ, ಹಿಂದೆ ದೀಪದ ಸಾಲು ಇರುತ್ತದೆ ಅಷ್ಟೇ. ಓಎಲ್‌ಇಡಿಯಲ್ಲಿ ಒಂದೊಂದು ಚುಕ್ಕೆಯೂ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ಅದಕ್ಕೇ ಅದರ ಕಪ್ಪು ಕಡುಕಪ್ಪು. ಕೆಲವು ಪರದೆಗಳಲ್ಲಿ ಎದುರಿನಿಂದ ಚಿತ್ರ ಸೊಗಸು, ಪಕ್ಕಕ್ಕೆ ಸರಿದರೆ ಬಣ್ಣ ಮಾಸುತ್ತದೆ. ಸೆಕೆಂಡಿಗೆ ಅರವತ್ತು ಸಲ ಚಿತ್ರ ಬದಲಾಗುವ ಪರದೆಯಲ್ಲಿ ವೇಗದ ಚೆಂಡು ಮಸುಕಾಗಬಹುದು, ನೂರಿಪ್ಪತ್ತು ಸಲದ್ದು ಮೇಲು. ಅಕ್ಕನ ಒಂದೊಂದು ದೂರಿಗೂ ನನ್ನ ಬಳಿ ಉತ್ತರ ಸಿದ್ಧವಾಯಿತು. ಮಧ್ಯ ಅಳಿಸುತ್ತದೆಯೇ? ಹಿಂದಿನ ದೀಪ ಹೋಗಿದೆ. ಚೆಂಡು ಕಾಣುವುದಿಲ್ಲವೇ? ಸೆಕೆಂಡಿಗೆ ಅರವತ್ತೇ ಸಲ, ಹೇಗೆ ಕಂಡೀತು! ಸ್ಟಂಪು ಸೊಟ್ಟಗಾಗುವುದಕ್ಕೆ ಮಾತ್ರ ಎಷ್ಟು ಓದಿದರೂ ಎಲ್ಲೂ ಕಾರಣ ಸಿಗಲಿಲ್ಲ. ಅದನ್ನು ಅಲ್ಲಿಗೇ ಬಿಟ್ಟೆ.

ಸಂಜಯನಗರದ ಅಂಗಡಿಗೆ ಎಷ್ಟು ಸಲ ಹೋದೆನೋ. ಅವರು ಹೂವು, ಜಲಪಾತ ತೋರಿಸಿದರೆ ನಾನು ಕ್ರಿಕೆಟ್ ಹಾಕಿಸಿ, ಪಕ್ಕಕ್ಕೆ ಸರಿದು, ಬಗ್ಗಿ ನೋಡುತ್ತಿದ್ದೆ. "ಸಾರ್, ನೀವೇ ಇಲ್ ಕೆಲ್ಸಕ್ ಬಂದ್ಬಿಡಿ," ಎಂದು ಅಂಗಡಿಯವರು ರೇಗಿಸಿದರು. ನಾನು ಅದನ್ನೂ ಹೊಗಳಿಕೆ ಎಂದುಕೊಂಡು ಉಬ್ಬಿದೆ. ಕೊನೆಗೆ ಒಂದನ್ನು ಆರಿಸುವ ಹೊತ್ತಿಗೆ ಆಷಾಢ ಬಂತು. ಆಷಾಢದಲ್ಲಿ ನಮ್ಮ ಮನೆಗೆ ಹೊಸ ವಸ್ತು ಬರುವಂತಿಲ್ಲ.

"ಒಂದ್ ತಿಂಗ್ಳು ತಾನೆ, ಇರ್ಲಿ ಬಿಡು. ಶ್ರಾವಣದಲ್ಲಿ ತಂದ್ರಾಯ್ತು," ಎಂದಳು ಅಕ್ಕ.

ಆ ತಿಂಗಳಲ್ಲಿ, ಅಕ್ಕ ಆರಿಸಿಕೊಟ್ಟ ಅಕ್ಕಿಯಲ್ಲಿ ನನ್ನ ಹೆಂಡತಿಗೆ ಎರಡು ಸಲ ಕಲ್ಲು ಸಿಕ್ಕಿತು. "ಅತ್ತಿಗೆ ಕಣ್ಣು ತೋರಿಸ್ಬೇಕು ಕಣ್ರೀ. ಶುಗರ್ ಬೇರೆ ಇದೆ," ಎಂದಳು. ನಾನು ಸಿಡುಕಿದೆ. "ವಯಸ್ಸಾದ್ಮೇಲೆ ಎಲ್ರಿಗೂ ಹಂಗೇ. ಮೊದ್ಲು ಟಿವಿ ಬರ್ಲಿ."

ವರಮಹಾಲಕ್ಷ್ಮಿ ಹಬ್ಬದ ದಿನ ಹೊಸದು ಮನೆಗೆ ಬಂತು. ಪಕ್ಕದಿಂದ ನೋಡಿದರೂ ಬಣ್ಣ ಮಾಸದ, ಒಂದೊಂದು ಚುಕ್ಕೆಯೂ ತಾನೇ ಬೆಳಗುವ ಟಿವಿ. ಅರಿಶಿನ ಕುಂಕುಮ ಹಚ್ಚಿ, ಹಳೆಯ ಪಂದ್ಯವೊಂದನ್ನು ಹಾಕಿ, ಸೋಫಾದಲ್ಲಿ ಕೂತು ಅಕ್ಕನ ಮುಖ ನೋಡಿದೆ.

ಅವಳು ಕಣ್ಣು ಕಿರಿದು ಮಾಡಿ, ಕತ್ತು ಅತ್ತಿತ್ತ ವಾಲಿಸಿ ನೋಡಿದಳು. ಆಮೇಲೆ ತಪ್ಪು ಮಾಡಿದವಳ ಹಾಗೆ ಮೆಲ್ಲಗೆ, "ಇದ್ರಲ್ಲೂ ಸೊಟ್ಟಗೇ ಅವೆ ಕಣೋ," ಎಂದಳು.

ಎದ್ದು ಹೋಗಿ ದಿವಾನದ ಮೇಲೆ ಅವಳ ಪಕ್ಕ ಕೂತೆ. ಆ ನಾಲ್ಕು ತಿಂಗಳಲ್ಲಿ ಅವಳ ಜಾಗದಿಂದ ನಾನು ಟಿವಿ ನೋಡಿದ್ದು ಅದೇ ಮೊದಲು. ಮೂರು ಸ್ಟಂಪುಗಳೂ ನೆಟ್ಟಗೆ ನಿಂತಿದ್ದವು.

"ಕಿಟ್ಕಿ ಸರಳು ಹೆಂಗ್ ಕಾಣ್ತವಕ್ಕ?"

"ಅವೂ ಅಂಗೇ. ಬಾಗ್ಲು ಚೌಕಟ್ಟೂ ಅಂಗೇ."

"ಮತ್ತೆ ಯಾಕ್ ಹೇಳ್ಲಿಲ್ಲ?"

"ನೀನು ಟಿವಿದೇ ಅಂದ್ಯಲ್ಲ. ಹಳೇದು ನೋಡಿ ನೋಡಿ ಕಣ್ಣು ಇಂಗಾಗ್ಯದೆ, ಹೊಸದು ಬಂದ್ರೆ ಸರಿಹೋಯ್ತದೆ ಅನ್ಕೊಂಡೆ. ಎಲ್ಲಾ ಓದ್ಕೊಂಡಿದ್ಯಲ್ಲ ನೀನು."

ಹಬ್ಬದ ಒಬ್ಬಟ್ಟು ತಟ್ಟೆಯಲ್ಲೇ ಉಳಿಯಿತು.

ಶುಗರ್‌ನಿಂದ ಎರಡೂ ಕಣ್ಣುಗಳ ಹಿಂಭಾಗ ಊದಿಕೊಂಡು ರಕ್ತ ಸೋರಿದೆ ಎಂದರು ಕಣ್ಣಿನ ಡಾಕ್ಟರು. "ಗೆರೆಗಳು ಸೊಟ್ಟಗೆ ಕಂಡಾಗ್ಲೇ ಕರ್ಕೊಂಡ್ ಬಂದಿದ್ರೆ ಬಹಳಷ್ಟು ಉಳಿಸ್ಬಹುದಿತ್ತು," ಎಂದರು. ಇಂಜೆಕ್ಷನ್ ಕೊಟ್ಟರು. ಅಂಚಿನ ನೋಟ ಉಳಿಯಿತು, ನಡುವಿನದು ಹೋಯಿತು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ನನ್ನದು ಅದೂ ಅಲ್ಲ. ನನ್ನ ಬುದ್ಧಿಯೇ ಕೆಡಿಸಿದ್ದು. ನಾನು ಏನೂ ಓದದ ದಡ್ಡನಾಗಿದ್ದರೆ ಅವಳು ಅಂದೇ ಬೇರೆ ಯಾರನ್ನಾದರೂ ಕೇಳುತ್ತಿದ್ದಳು.

ಕ್ರಿಕೆಟ್ ಇರುವ ದಿನ ಈಗ ನಾನೂ ದಿವಾನದ ಮೇಲೆ ಕೂತು, ಚೆಂಡು ಎಲ್ಲಿ ಹೋಯಿತೆಂದು ಹೇಳುತ್ತೇನೆ. ಮೊನ್ನೆ ಪಕ್ಕದ ಮನೆಯಾಕೆ ಬಂದವರು, ಎಷ್ಟು ಚೆನ್ನಾಗಿದೆ ಟಿವಿ, ನಾವೂ ತಗೋಬೇಕು ಎಂದರು. ಅಕ್ಕ ಟಿವಿಯ ಪಕ್ಕದ ಬರಿ ಗೋಡೆಯ ಕಡೆ ಮುಖ ತಿರುಗಿಸಿ ಕೂತಿದ್ದಳು. ಹಾಗೆ ಕೂತರೆ ಕಣ್ಣಂಚಿನಲ್ಲಿ ಮೈದಾನದ ಹಸಿರು ಒಂದಿಷ್ಟು ಕಾಣುತ್ತದಂತೆ.

"ನಮ್ ತಮ್ಮನ್ ಕೇಳಮ್ಮ," ಎಂದಳು ಹೆಮ್ಮೆಯಿಂದ. "ಎಲ್ಲಾ ತಿಳ್ಕೊಂಡೇ ತರೋದು ಅವ್ನು."