ಸರಳಣ್ಣನ ಏಳನೆಯ ಸರಳು

ಅವನಿಗೆ ಸರಳಣ್ಣ ಎಂದು ಹೆಸರು ಬಿದ್ದದ್ದು ಸ್ವಭಾವ ನೋಡಿ ಅಲ್ಲ. ಸ್ವಭಾವ ನೋಡಿ ಇಡುವುದಾಗಿದ್ದರೆ ಜನ ಬೇರೇನೋ ಇಟ್ಟಿರುತ್ತಿದ್ದರು. ಸಿಟ್ಟು ಅವನ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ನಲವತ್ತು ವರ್ಷ ಕಿಟಕಿಗಳಿಗೆ ಕಬ್ಬಿಣದ ಸರಳು ಬೆಸೆದದ್ದಕ್ಕೆ ಬಂದ ಹೆಸರು ಅದು. ಆ ಬಡಾವಣೆಯ ಐದಾರು ಬೀದಿಗಳಲ್ಲಿ ಯಾರ ಮನೆಯ ಕಿಟಕಿ ಹಿಡಿದು ಅಲ್ಲಾಡಿಸಿದರೂ ಅವನದೇ ಕೈಕೆಲಸ. ಇಷ್ಟು ಮನೆಗೆ ಕಿಟಕಿ ಮಾಡಿಕೊಟ್ಟ ಪುಣ್ಯಾತ್ಮನ ಅಂಗಡಿಗೆ ಮಾತ್ರ ಒಂದು ಕಿಟಕಿಯೂ ಇರಲಿಲ್ಲ. ಮುಂದೆ ಶಟರು, ಹಿಂದೆ ಗೋಡೆ, ನಡುವೆ ಹೊಗೆ. ಸತುವಿನ ಲೇಪದ ಪೈಪು ಬೆಸೆದ ದಿನ ಅದರ ಹೊಗೆಗೆ ಬಾಯೆಲ್ಲ ಸಿಹಿ ಸಿಹಿ. ಸಂಜೆ ಒಂದು ಲೋಟ ಹಾಲು ಕುಡಿದರೆ ಎಲ್ಲ ಇಳಿದುಹೋಗುತ್ತೆ ಎಂದು ಕೆಲಸ ಕಲಿಸಿದ ಅಣ್ಣ ಹೇಳಿಕೊಟ್ಟಿದ್ದ. ಹಾಲು ಹೊಟ್ಟೆಗೆ ಇಳಿಯಿತು. ಹೊಗೆ ತನಗೆ ಬೇಕಾದ ಕಡೆ ಇಳಿಯಿತು.

ಐವತ್ತೆಂಟಕ್ಕೆ ದಮ್ಮು ಹಿಡಿಯಿತು, ಅರವತ್ತೆರಡಕ್ಕೆ ಅಂಗಡಿಯ ಶಟರು ಕೊನೆಯ ಸಲ ಕೆಳಗೆ ಬಂತು. ಅಲ್ಲಿಂದಾಚೆಗೆ ಅವನ ಪ್ರಪಂಚವೆಂದರೆ ಮನೆಯ ಕಿಟಕಿ ಪಕ್ಕದ ಕುರ್ಚಿ, ಕುರ್ಚಿಯ ಮುಂದೆ ಸ್ಟೂಲು, ಸ್ಟೂಲಿನ ಮೇಲೆ ದಿಂಬು, ದಿಂಬಿನ ಮೇಲೆ ಅವನ ಎರಡು ಮೊಣಕೈ. ಹಾಗೆ ಮುಂದಕ್ಕೆ ಬಾಗಿ ಕೂತರೆ ಒಂದಿಷ್ಟು ಗಾಳಿ ಒಳಗೆ ಹೋಗುತ್ತಿತ್ತು. ಒಂದು ಉಸಿರಿಗೆ ನಾಲ್ಕು ಮಾತು. ಐದನೆಯದು ಬೇಕಾದರೆ ಕಾಯಬೇಕು. ಮೊದಲೆಲ್ಲ ಬೀದಿಗೆ ಕೇಳುವಂತೆ ಬೈಯುತ್ತಿದ್ದವನು ಈಗ ಬೈಗುಳವನ್ನೂ ಅಳೆದು ಕತ್ತರಿಸಿ ಆಡಬೇಕಾಗಿತ್ತು. ಅದಕ್ಕಿಂತ ದೊಡ್ಡ ಶಿಕ್ಷೆ ಅವನಿಗೆ ಬೇರೆ ಬೇಕಿರಲಿಲ್ಲ.

ಮನೆಯಲ್ಲಿ ಇನ್ನಿಬ್ಬರು. ಹೆಂಡತಿ, ಸಿದ್ಧ ಉಡುಪಿನ ಅಂಗಡಿಗೆ ಅಂಗಿಗಳ ಗುಂಡಿ ಹೊಲಿದುಕೊಡುತ್ತಿದ್ದಳು. ಮಗಳು ಶಾಲೆಯಲ್ಲಿ ಲೆಕ್ಕದ ಟೀಚರು. ಅಂಕಿಯಲ್ಲಿ ಹೇಳಿದ್ದು ಮಾತ್ರ ಅವಳಿಗೆ ನಿಜ, ಉಳಿದದ್ದೆಲ್ಲ ನೆಪ. ರಕ್ತದಲ್ಲಿ ಎಷ್ಟು ಆಮ್ಲಜನಕವಿದೆ ಎಂದು ಹೇಳುವ ಬೆರಳಿನ ಕ್ಲಿಪ್ಪು ತಂದವಳು ಅವಳೇ, ಅದಕ್ಕೊಂದು ನೋಟುಬುಕ್ಕು ಮಾಡಿ ಗೆರೆ ಎಳೆದವಳೂ ಅವಳೇ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಪ್ಪನ ಬೆರಳು ಹಿಡಿಯುತ್ತಿದ್ದಳು. ತೊಂಬತ್ತರ ಮೇಲೆ ಬಂತೋ, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ ಎಂದು ಅರ್ಥ. ಪ್ರೀತಿ ಇರಲಿಲ್ಲ ಎಂದಲ್ಲ. ಅಪ್ಪನಿಗಾಗಿ ಜೀವ ಬಿಡುವ ಹುಡುಗಿ ಅವಳು. ಆದರೆ ಅವಳ ಪ್ರೀತಿಗೂ ಅಂಕಿ ಬೇಕಿತ್ತು.

ಒಂದು ಬೆಳಿಗ್ಗೆ ಸರಳಣ್ಣ ಬಚ್ಚಲಲ್ಲಿ ಮುಖ ತೊಳೆಯುತ್ತ ಕೆಮ್ಮಿದ. ಕೆಮ್ಮು ಬಿಡಲಿಲ್ಲ, ಕಣ್ಣು ಕತ್ತಲೆ ಬರುವವರೆಗೆ ಕೆಮ್ಮಿಸಿತು. ನಡುವೆ ಬಲಪಕ್ಕೆಯಲ್ಲಿ ಕಟ್ ಎಂದಿತು. ಸಣ್ಣ ಸದ್ದು. ಆದರೆ ಅದು ಅವನಿಗೆ ಗೊತ್ತಿದ್ದ ಸದ್ದು. ಸರಿಯಾಗಿ ಬೆಸೆಯದ ಸರಳು ಬಿಟ್ಟುಕೊಳ್ಳುವಾಗ ಹಾಗೇ ಸದ್ದು ಮಾಡುತ್ತದೆ. ಗೋಡೆ ಹಿಡಿದು ಹೊರಗೆ ಬಂದು, ಒಳಗೆ ಏನೋ ಬಿಟ್ಟಿತು ಕಣೇ ಎಂದ. ಹೆಂಡತಿ ಸೂಜಿಗೆ ದಾರ ಪೋಣಿಸುತ್ತ, ಗ್ಯಾಸ್ ಇರಬೇಕು, ಬಿಸಿನೀರು ಕುಡೀರಿ ಎಂದಳು.

ಆವತ್ತಿನಿಂದ ಶುರುವಾಯಿತು ನೋಡಿ. ಉಸಿರು ಒಳಗೆ ಹೋದರೆ ಚುಚ್ಚು, ಹೊರಗೆ ಬಂದರೆ ಚುಚ್ಚು. ಮಲಗಿದರೆ ದಮ್ಮು, ಕೂತರೆ ನೋವು. ಕೆಮ್ಮು ಬರುತ್ತದೆ ಎನ್ನುವ ಸೂಚನೆ ಸಿಕ್ಕರೆ ಸಾಕು, ಜೀವ ಬಾಯಿಗೆ ಬರುತ್ತಿತ್ತು. ಹಲ್ಲು ಕಚ್ಚಿ ಕೆಮ್ಮನ್ನು ನುಂಗಿಕೊಳ್ಳುತ್ತಿದ್ದ, ಕಫ ಒಳಗೇ ಉಳಿಯುತ್ತಿತ್ತು.

ನಾಲ್ಕನೆಯ ದಿನ ಹೇಗೂ ಎದೆಯ ಡಾಕ್ಟರ ಹತ್ತಿರ ಹೋಗುವ ತಿಂಗಳ ದಿನ ಬಂತು. ಡಾಕ್ಟರು ಕೆಟ್ಟವರಲ್ಲ, ಹೊರಗೆ ಬೆಂಚಿನ ತುಂಬ ಕೆಮ್ಮುವವರನ್ನು ಕೂರಿಸಿಕೊಂಡವರು. ಅವರ ಪ್ರಶ್ನೆ ನಾಲ್ಕು: ಉಸಿರು ಹೇಗಿದೆ, ಕಫ ಯಾವ ಬಣ್ಣ, ಮೆಟ್ಟಿಲು ಎಷ್ಟು ಹತ್ತುತ್ತೀರಿ, ಸಿಗರೇಟು ಬಿಟ್ಟಿರಾ. ಹುಟ್ಟಿದಾಗಿನಿಂದ ಸಿಗರೇಟು ಮುಟ್ಟದವನಿಗೆ ಆ ನಾಲ್ಕನೆಯದಕ್ಕೆ ಉತ್ತರ ಹೇಳುವುದರಲ್ಲೇ ಇದ್ದಬದ್ದ ಉಸಿರೆಲ್ಲ ಮುಗಿಯುತ್ತಿತ್ತು. ಆದರೂ ಕಾದು, ಗಾಳಿ ಕೂಡಿಸಿಕೊಂಡು, ಪಕ್ಕೆ ಮುಟ್ಟಿ ತೋರಿಸಿ, ನೋವು ಎಂದ. ಇಷ್ಟು ಕೆಮ್ಮಿದರೆ ಸ್ವಲ್ಪ ನೋವು ಇದ್ದೇ ಇರುತ್ತೆ ಎಂದು ಡಾಕ್ಟರು ಎಕ್ಸ್‌ರೇ ಬರೆದರು. ಅದು ಶ್ವಾಸಕೋಶ ನೋಡಲಿಕ್ಕೆ. ತೆಗೆಸಿ ತಂದ ಫಿಲ್ಮನ್ನು ಬೆಳಕಿಗೆ ಹಿಡಿದು, ಹೋದ ವರ್ಷಕ್ಕಿಂತ ಕೆಟ್ಟಿಲ್ಲ, ಖುಷಿಪಡಿ ಎಂದರು. ಮಗಳು ಖುಷಿಪಟ್ಟಳು. ಫಿಲ್ಮು ಲಕೋಟೆಯೊಳಗೆ, ಲಕೋಟೆ ಬೀರುವಿನ ಮೇಲೆ.

ಆಮೇಲಿನ ಮೂರು ವಾರ ಆ ಮನೆಯಲ್ಲಿ ನಡೆದದ್ದು ಒಂದೇ ಜಗಳ. ಅವನು ನೋವು ಎನ್ನುತ್ತಿದ್ದ, ಮಗಳು ಬೆರಳು ಹಿಡಿಯುತ್ತಿದ್ದಳು. ತೊಂಬತ್ತಮೂರು ಇದೆಯಲ್ಲಪ್ಪಾ ಎನ್ನುತ್ತಿದ್ದಳು. ಉಸಿರಿನ ವ್ಯಾಯಾಮಕ್ಕೆ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ದರು, ಒಳಗೆ ಮೂರು ಬಣ್ಣದ ಚೆಂಡು. ಕೊಳವೆಯಲ್ಲಿ ಗಾಳಿ ಎಳೆದರೆ ಚೆಂಡು ಮೇಲೇಳಬೇಕು. ಮೊದಲು ಎರಡು ಏಳುತ್ತಿದ್ದವು. ಈಗ ಒಂದೂ ಅಲುಗುತ್ತಿರಲಿಲ್ಲ, ಯಾಕೆಂದರೆ ಅವನು ಎಳೆಯುತ್ತಲೇ ಇರಲಿಲ್ಲ. ಎಳೆದರೆ ಪಕ್ಕೆಯಲ್ಲಿ ಕಾಸಿದ ರಾಡು ಇಟ್ಟಂತೆ ಆಗುತ್ತಿತ್ತು. ಮಗಳಿಗೆ ಕಂಡದ್ದು ಸೋಮಾರಿತನ. ಹೆಂಡತಿಗೆ ಕಂಡದ್ದು ಹಟ. ನಲವತ್ತು ವರ್ಷ ಇವರ ಕೋಪ ನುಂಗಿದ್ದಾಯ್ತು, ಇನ್ನು ನಾಟಕವನ್ನೂ ನೋಡಬೇಕಾ ಎಂದು ಅವಳು ಪಕ್ಕದ ಮನೆಯವಳ ಹತ್ತಿರ ಹೇಳಿದ್ದು ಗೋಡೆಯಾಚೆಯಿಂದ ಅವನ ಕಿವಿಗೂ ಬಿತ್ತು.

ನಾಟಕ. ಆ ಮಾತು ಅವನನ್ನು ಸುಟ್ಟಿತು. ಸುಡಲು ಇನ್ನೊಂದು ಕಾರಣವೂ ಇತ್ತು, ಅದನ್ನು ಅವನು ಯಾರಿಗೂ ಹೇಳಲಿಲ್ಲ. ಕೆಲಸ ಕಲಿಸಿದ ಅಣ್ಣನೂ ಇದೇ ದಮ್ಮಿನಿಂದ ಹೋದವನು. ಕೊನೆಯ ವರ್ಷ ಬೆನ್ನು, ಬೆನ್ನು ಎಂದು ನರಳುತ್ತಿದ್ದ. ದಮ್ಮಿನವನಿಗೆ ಬೆನ್ನು ಯಾಕೆ ನೋಯುತ್ತೆ, ನಾಟಕ ಎಂದು ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ನಕ್ಕವನು ಈ ಸರಳಣ್ಣನೇ. ಹಾಗಾಗಿ ಅವನಿಗೆ ಈಗ ಬೇಕಾಗಿದ್ದದ್ದು ಔಷಧಿ ಅಲ್ಲ, ಆರೈಕೆಯೂ ಅಲ್ಲ. ಹೌದು, ನಿನಗೆ ನೋಯುತ್ತಿದೆ ಎಂದು ಈ ಮನೆಯಲ್ಲಿ ಒಬ್ಬರು ಒಪ್ಪಿಕೊಂಡರೆ ಸಾಕಾಗಿತ್ತು. ಅಷ್ಟನ್ನೂ ಕೊಡುವವರಿರಲಿಲ್ಲ.

ಇಪ್ಪತ್ತೈದನೆಯ ದಿನ ಕ್ಲಿಪ್ಪು ಎಂಬತ್ತೇಳು ತೋರಿಸಿತು. ಅಬ್ಬಾ, ಆಗ ನೋಡಬೇಕಿತ್ತು ಮನೆಯ ಸಡಗರ! ಮಗಳು ಶಾಲೆಗೆ ರಜೆ ಹಾಕಿದಳು, ಹೆಂಡತಿಯ ಕೈಯಿಂದ ಗುಂಡಿಯ ಡಬ್ಬಿ ಜಾರಿ ನೆಲದ ತುಂಬ ಚೆಲ್ಲಿತು. ಮೂರು ವಾರ ಮನುಷ್ಯ ಬಾಯಿಬಿಟ್ಟು ಹೇಳಿದ್ದು ಯಾರ ಕಿವಿಗೂ ಹೋಗಲಿಲ್ಲ, ಬೆರಳು ಒಂದು ಸಲ ಹೇಳಿದ್ದಕ್ಕೆ ಮನೆಯೇ ಎದ್ದು ನಿಂತಿತು. ಡಾಕ್ಟರಿಗೆ ತೋರಿಸಲು ಮಗಳು ಬೀರುವಿನ ಮೇಲಿಂದ ಎಕ್ಸ್‌ರೇ ಲಕೋಟೆ ಇಳಿಸಿ, ಆಟೋ ಕರೆಯಲು ಹೊರಗೆ ಓಡಿದಳು. ಲಕೋಟೆ ಅವನ ಸ್ಟೂಲಿನ ಮೇಲೆ ಇತ್ತು.

ಅವನು ಫಿಲ್ಮು ಹೊರಗೆಳೆದ. ಅದನ್ನು ಅವನಿಗೆ ಈವರೆಗೆ ಯಾರೂ ತೋರಿಸಿರಲಿಲ್ಲ. ಎದ್ದು ನಿಲ್ಲಲಾಗದೆ, ಕೂತಲ್ಲಿಂದಲೇ ಕಿಟಕಿಯ ಬೆಳಕಿಗೆ ಹಿಡಿದ. ಹಿಂದೆ ತಾನೇ ಬೆಸೆದ ಕಬ್ಬಿಣದ ಸರಳು, ಮುಂದೆ ತನ್ನದೇ ಮೂಳೆಯ ಸರಳು. ಶ್ವಾಸಕೋಶ ಎಲ್ಲಿದೆ ಎಂದು ಅವನಿಗೆ ತಿಳಿಯಲಿಲ್ಲ, ತಿಳಿಯುವುದು ಬೇಕಾಗಿಯೂ ಇರಲಿಲ್ಲ. ಸರಳು ಕಂಡರೆ ಅವನ ಕಣ್ಣು ಮಾಡುವುದು ಒಂದೇ ಕೆಲಸ. ಒಂದು ಕಣ್ಣು ಮುಚ್ಚಿ, ಮೇಲಿಂದ ಒಂದೊಂದೇ ಸರಳಿನ ಅಂಚು ಹಿಡಿದು ಬಂದ. ಎಡಕ್ಕೆ ಎಲ್ಲ ಸರಿಯಾಗಿತ್ತು. ಬಲಗಡೆ ಏಳನೆಯದರ ಅಂಚು ನಡುವೆ ಒಂದು ಕಡೆ ಮೆಟ್ಟಿಲಿನಂತೆ ಇಳಿದಿತ್ತು. ಎಂಟನೆಯದರಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ. ನಲವತ್ತು ವರ್ಷದಲ್ಲಿ ಇಂಥ ಗ್ರಿಲ್ಲನ್ನು ಅವನು ಅಂಗಡಿಯಿಂದ ಆಚೆ ಕಳಿಸಿದವನಲ್ಲ. ಕಿಟಕಿಯ ಮುಂದೆ ನಿಂತವರೆಲ್ಲ ಆಚೆಗಿರುವುದನ್ನು ನೋಡುತ್ತಾರೆ, ಸರಳನ್ನು ಯಾರೂ ನೋಡುವುದಿಲ್ಲ. ಇದು ಅವನಿಗೆ ಗೊತ್ತಿದ್ದ ವಿಷಯವೇ. ತನ್ನ ಎದೆಗೂ ಅದೇ ಗತಿ ಎಂದು ಮಾತ್ರ ಗೊತ್ತಿರಲಿಲ್ಲ.

ಮಗಳು ಒಳಗೆ ಬಂದಾಗ ಫಿಲ್ಮನ್ನು ಹಾಗೇ ಹಿಡಿದುಕೊಂಡಿದ್ದ. ಏಳನೆಯದು, ಬೆರಳಿಟ್ಟು ನೋಡು ಎಂದ. ಅವಳು ಹೊತ್ತಾಯಿತು ಎಂದು ಗೊಣಗುತ್ತಲೇ ಏಳನೆಯದರ ಅಂಚಿನಲ್ಲಿ ಬೆರಳು ಜಾರಿಸಿದಳು. ಬೆರಳು ಮೆಟ್ಟಿಲಿನ ಹತ್ತಿರ ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಬಂದಳು, ಮತ್ತೆ ಅಲ್ಲೇ ನಿಂತಿತು. ಹೆಂಡತಿ ನೆಲದಲ್ಲಿ ಗುಂಡಿ ಆರಿಸುತ್ತಿದ್ದವಳು ತಲೆ ಎತ್ತಿ ಇಬ್ಬರನ್ನೂ ನೋಡಿದಳು.

ಡಾಕ್ಟರು ಒಪ್ಪಿಕೊಂಡರು. ಹೌದು, ಎರಡು ಮುರಿದಿವೆ. ಈ ಕಾಯಿಲೆಯ ಮಾತ್ರೆ ವರ್ಷಗಟ್ಟಲೆ ನುಂಗಿದರೆ ಮೂಳೆ ಟೊಳ್ಳಾಗುತ್ತದಂತೆ, ಜೋರಾಗಿ ಕೆಮ್ಮಿದರೂ ಸಾಕು, ಮುರಿಯುತ್ತದಂತೆ. ಪಕ್ಕೆಗೆ ಪಟ್ಟಿ ಹಾಕುವ ಹಾಗಿಲ್ಲ, ತಾನಾಗಿ ಕೂಡಬೇಕು. ಗಟ್ಟಿ ನೋವಿನ ಮಾತ್ರೆ ಕೊಟ್ಟರೆ ಉಸಿರು ಕುಗ್ಗುತ್ತದೆ, ಹಾಗಾಗಿ ಸಣ್ಣದು. ಕೆಮ್ಮು ಬಂದಾಗ ದಿಂಬು ಅಪ್ಪಿಕೊಳ್ಳಬೇಕು. ಅದಿರಲಿ, ಅಸಲು ಸಂಗತಿ ಬೇರೆ ಇತ್ತು. ನೋವಿಗೆ ಹೆದರಿ ಮೂರು ವಾರ ಮೇಲೆ ಮೇಲೆ ಉಸಿರಾಡಿದ್ದಕ್ಕೆ ಬಲ ಶ್ವಾಸಕೋಶದ ಕೆಳಭಾಗ ಮುದುಡಿತ್ತು, ಅಲ್ಲಿ ಕಫ ಕಟ್ಟಿ ಸೋಂಕಾಗಿತ್ತು. ಸೋಂಕು ಹೋಗುತ್ತದೆ, ಮುದುಡಿದ್ದೆಲ್ಲ ಮೊದಲಿನಂತೆ ಬಿಚ್ಚಿಕೊಳ್ಳುವುದು ಕಷ್ಟ ಎಂದರು. ಆಮೇಲೆ, ನಿಜವಾದ ಕಾಳಜಿಯಿಂದಲೇ, ಪೆನ್ನು ಕೆಳಗಿಟ್ಟು ಕೇಳಿದರು:

"ಇಷ್ಟು ನೋವಿದೆ ಅಂತ ಮೊದಲೇ ಹೇಳಬಾರದಿತ್ತಾ?"

ಸರಳಣ್ಣನ ನಾಲಿಗೆಯ ತುದಿಗೆ ನಲವತ್ತು ವರ್ಷದ ಬೈಗುಳವೆಲ್ಲ ಒಟ್ಟಿಗೆ ಬಂತು. ಗಾಳಿ ಮಾತ್ರ ಬರಲಿಲ್ಲ. ಅವನು ಮಗಳ ಮುಖ ನೋಡಿದ. ಅವಳು ನೆಲ ನೋಡುತ್ತಿದ್ದಳು.

ಹತ್ತು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಮನೆಗೆ ಕಳಿಸಿದರು. ಮೊದಲು ಬೀದಿಯ ಮೂಲೆಯವರೆಗೆ ನಡೆಯುತ್ತಿದ್ದವನು ಈಗ ಬಾಗಿಲವರೆಗೆ. ಮೊದಲು ಉಸಿರಿಗೆ ನಾಲ್ಕು ಮಾತು, ಈಗ ಎರಡು. ಹೆಂಡತಿ ಕೇಳದೇ ಬಿಸಿನೀರಿನ ಚೀಲ ತಂದು ಪಕ್ಕೆಗೆ ಇಡುತ್ತಿದ್ದಳು. ಒಮ್ಮೆ ಇಡುತ್ತ ಇಡುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅವನು ಬೇಡ ಎನ್ನಲಿಲ್ಲ. ಬೇಡ ಎನ್ನಲೂ ಉಸಿರು ಬೇಕಲ್ಲ.

ಮಗಳು ನೋಟುಬುಕ್ಕಿನಲ್ಲಿ ಹೊಸದೊಂದು ಗೆರೆ ಎಳೆದಳು. ಆಮ್ಲಜನಕದ ಪಕ್ಕದಲ್ಲಿ ದುಂಡನೆಯ ಅಕ್ಷರದಲ್ಲಿ ನೋವು ಎಂದು ಬರೆದು, ಪೆನ್ನು ಹಿಡಿದು ಅಪ್ಪನ ಎದುರು ಕುಕ್ಕರುಗಾಲಲ್ಲಿ ಕೂತಳು. ಧ್ವನಿ ಮೆತ್ತಗಾಗಿತ್ತು.

"ಅಪ್ಪಾ, ಹತ್ತರಲ್ಲಿ ಎಷ್ಟು ನೋಯ್ತಿದೆ ಹೇಳಪ್ಪಾ."

ಅವನು ದಿಂಬಿನಿಂದ ಒಂದು ಮೊಣಕೈ ಎತ್ತಿ, ಕ್ಲಿಪ್ಪು ಹಾಕುವ ಬೆರಳನ್ನು ಅವಳ ಮುಂದೆ ಚಾಚಿದ.

"ಇದನ್ನ ಕೇಳು," ಎಂದ.

ಎರಡೇ ಮಾತು, ಅವನ ಹತ್ತಿರ ಇದ್ದದ್ದೂ ಅಷ್ಟೇ. ಮಗಳು ಆ ಬೆರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು. ಅವನು ಕಿಟಕಿಯ ಕಡೆ ತಿರುಗಿದ. ನೋಟುಬುಕ್ಕಿನ ನೋವಿನ ಮನೆಯಲ್ಲಿ ಆವತ್ತು ಅವಳು ಏನೂ ಬರೆಯಲಿಲ್ಲ.