ಬೆಡ್‌ಶೀಟಕ್ಕನ ಎಣಿಕೆ

ಆಸ್ಪತ್ರೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ದೊಡ್ಡ ಡಾಕ್ಟರಿಂದ ಹಿಡಿದು ಗೇಟು ಕಾಯುವವನವರೆಗೆ ಎಲ್ಲರ ಬಾಯಲ್ಲೂ ಬೆಡ್‌ಶೀಟಕ್ಕ. ಇಪ್ಪತ್ತೆರಡು ವರ್ಷದಿಂದ ನೆಲಮಾಳಿಗೆಯ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಿಸುತ್ತಿರುವವಳನ್ನು ಇನ್ನೇನಂತ ಕರೆದಾರು? ಕಿಟಕಿಯಿಲ್ಲದ ಉದ್ದನೆಯ ಕೋಣೆ ಅದು. ಒಂದು ಗೋಡೆಗೆ ನಾಲ್ಕು ದೊಡ್ಡ ಮೆಷಿನ್ನು, ಇನ್ನೊಂದಕ್ಕೆ ವಾರ್ಡಿಗೊಂದರಂತೆ ಕಪಾಟು, ನಡುವೆ ತಗಡು ಹೊದಿಸಿದ ಮೇಜು. ಮೆಷಿನ್ ನಿಂತ ಮೇಲೂ ಅದರ ಸದ್ದು ಕಿವಿಯಲ್ಲಿ ಒಂದು ಗಂಟೆ ಗುಂಯ್‌ಗುಡುತ್ತಿರುತ್ತದೆ.

ಮಡಿಸುವುದಕ್ಕೆ ಇಬ್ಬರು ಬೇಕು. ಈ ತುದಿಗೆ ಅಕ್ಕ, ಆ ತುದಿಗೆ ಅಜ್ಜಿ. ಅಜ್ಜಿ ಅಂದರೆ ಯಾರ ಅಜ್ಜಿಯೂ ಅಲ್ಲ. ಮದುವೆಯ ಗೋಜಿಗೇ ಹೋಗದ ಐವತ್ತೊಂಬತ್ತರ ಹೆಂಗಸು, ತಲೆ ಬೇಗ ನೆರೆಯಿತು ಅಂತ ಆ ಹೆಸರು ಅಂಟಿಕೊಂಡಿತು. ಹೊಸದಾಗಿ ಸೇರಿದ ದಿನ ಅಕ್ಕನಿಗೆ ಕೆಲಸ ಕಲಿಸಿದವಳು ಅವಳೇ. ಕೆಳಗೆ ಹಾಸುವುದೊಂದು, ಮೇಲೆ ಹೊದೆಯುವುದೊಂದು, ಎರಡೂ ಸೇರಿದರೆ ಒಂದು ಹಾಸಿಗೆ. ಅಲ್ಲಿನ ಎಣಿಕೆಯೆಲ್ಲ ಹೀಗೆಯೇ. ಎರಡನೆಯ ಬೆಡ್‌ಶೀಟ್ ಮೇಜಿನ ಮೇಲೆ ಬಿದ್ದಾಗಲೇ ಅಜ್ಜಿ "ಒಂದು" ಅನ್ನುವುದು. ಒಂಟಿ ಬೆಡ್‌ಶೀಟು ಯಾವ ಲೆಕ್ಕಕ್ಕೂ ಇಲ್ಲ.

ಕೆಲಸವೇನೋ ಕಷ್ಟದ್ದಲ್ಲ ಅಂತ ಮೇಲಿನ ಮಹಡಿಯವರು ಹೇಳುತ್ತಾರೆ. ಒಂದು ದಿನ ಬಂದು ಮಾಡಿ ನೋಡಲಿ. ಇವತ್ತು ಗೆರೆ ಎಳೆದ ಹಾಗೆ ಮಡಿಸಿಟ್ಟದ್ದು ನಾಳೆ ರಕ್ತ, ಔಷಧಿ, ಇನ್ನೇನೇನೋ ಮೆತ್ತಿಕೊಂಡು ತಳ್ಳುಗಾಡಿಯಲ್ಲಿ ವಾಪಸ್ ಬಂದಿರುತ್ತದೆ. ಮುಗೀತು ಅನ್ನುವ ಮಾತನ್ನು ಆ ಕೋಣೆಯಲ್ಲಿ ಯಾರೂ ಆಡಿದ್ದು ಅಕ್ಕ ಕೇಳಿಲ್ಲ. ಮನೆಗೆ ಹೋದರೆ ಅಲ್ಲೂ ಪಾತ್ರೆ, ಅಲ್ಲೂ ಬಟ್ಟೆ.

ಎರಡು ವರ್ಷದ ಹಿಂದೆ ಅವಳ ಬಲಭುಜ ಹಿಡಿದುಕೊಂಡಿತು. ಕೈಕಾಲಿಗೆ ವ್ಯಾಯಾಮ ಹೇಳಿಕೊಡುವ ಆಸ್ಪತ್ರೆಯ ಫಿಸಿಯೋ "ಈಜು ಕಲೀರಿ ಅಕ್ಕ" ಅಂದ. ಮೂವತ್ತೂ ದಾಟದ ಹುಡುಗ, ಬೆಳಿಗ್ಗೆ ಊರಿನ ಈಜುಕೊಳದಲ್ಲಿ ಕೋಚ್ ಕೂಡ. ನಲವತ್ತನಾಲ್ಕರಲ್ಲಿ ನೀರಿಗಿಳಿದವಳು ಒಂದು ತಿಂಗಳು ನೀರು ಕುಡಿದು, ಎರಡನೆಯ ತಿಂಗಳು ತೇಲಿದಳು. ಭುಜ ವಾಸಿಯಾಯಿತು, ಆದರೂ ಹೋಗುವುದನ್ನು ಬಿಡಲಿಲ್ಲ. ಅಲ್ಲಿ ಕೆಲವರು ಟ್ರಯಥ್ಲಾನ್‌ಗೆ ತಯಾರಾಗುತ್ತಿದ್ದರು. ಸುಮಾರು ನಾಲ್ಕು ಕಿಲೋಮೀಟರು ಈಜು, ಎದ್ದು ಬಂದು ನೂರಾ ಎಂಬತ್ತು ಕಿಲೋಮೀಟರು ಸೈಕಲ್ಲು, ಅದರಿಂದಿಳಿದು ನಲವತ್ತೆರಡು ಕಿಲೋಮೀಟರು ಓಟ. ಎಲ್ಲವೂ ಒಂದೇ ದಿನ. ಕೇಳಿದವರಿಗೇ ಏದುಸಿರು ಬರಬೇಕು.

"ಎಲ್ಲಾ ಆದ್ಮೇಲೆ ಏನು ಸಾರ್?" ಅಂತ ಅಕ್ಕ ಕೋಚನ್ನು ಕೇಳಿದ್ದಳು.

"ಆದ್ಮೇಲೆ ಏನೂ ಇಲ್ಲ ಅಕ್ಕ. ಮುಗೀತು, ಅಷ್ಟೇ. ಒಂದ್ಸಲ ಮುಗಿಸಿದ್ದು ಮುಗಿಸಿದ ಹಾಗೇ ಇರುತ್ತೆ."

ಆ ಮಾತು ಅವಳ ಎದೆಗೆ ನಾಟಿಬಿಟ್ಟಿತು. ಮತ್ತೆ ಕೊಳೆಯಾಗಿ ವಾಪಸ್ ಬಾರದ ಒಂದೇ ಒಂದು ಕೆಲಸ ಬದುಕಿನಲ್ಲಿ ಮಾಡಬೇಕು ಅಂತ ಆಸೆ ಹುಟ್ಟಿತು. ಮರುದಿನವೇ ಪಟ್ಟಿಯಲ್ಲಿ ಹೆಸರು ಬರೆಸಿದಳು.

ಗಂಡನಿಗೆ ಬಸ್ ಡಿಪೋದಲ್ಲಿ ಟೈರು ಬಿಚ್ಚಿ ಹಾಕುವ ಕೆಲಸ. "ಈ ವಯಸ್ಸಲ್ಲಿ ನಿನಗೆ ಬೇಕಿತ್ತಾ ಇದು?" ಅಂತ ಗೊಣಗುತ್ತಲೇ ಯಾರದೋ ಹಳೆಯ ಸೈಕಲ್ ತಂದು ರಿಪೇರಿ ಮಾಡಿಕೊಟ್ಟ. ದಿನಾ ಸಂಜೆ ಹೆಬ್ಬೆರಳಿನಿಂದ ಟೈರು ಒತ್ತಿ ನೋಡದೆ ಊಟಕ್ಕೆ ಕೂರುತ್ತಿರಲಿಲ್ಲ.

ಸೈಕಲ್ಲು ಪರವಾಗಿಲ್ಲ, ಓಟವೂ ಹೇಗೋ ಸಾಗುತ್ತಿತ್ತು. ಪೀಕಲಾಟ ಇದ್ದದ್ದು ನೀರಿನಲ್ಲಿ. ಕೋಚ್ ಕೊಟ್ಟ ಚೀಟಿಯಲ್ಲಿ ದಿನಕ್ಕೆ ನಲವತ್ತು ಲ್ಯಾಪ್ ಅಂತ ಇರುತ್ತಿತ್ತು, ಎದುರಿಗೆ ಅರ್ಧ ಗಂಟೆ. ಅಕ್ಕನಿಗೆ ಐವತ್ತೈದು ನಿಮಿಷವಾದರೂ ಬೇಕು. ಎದ್ದು ಬಂದು ಒದ್ದೆ ಕೈಯಲ್ಲೇ ನೋಟ್‌ಬುಕ್ಕಿನಲ್ಲಿ ಬರೆಯುವಳು: ನಲವತ್ತು, ಐವತ್ತೈದು ನಿಮಿಷ. ಕೋಚ್ ಆ ಕಡೆಯ ಸಾಲಿನಲ್ಲಿ ಚುರುಕಿನವರ ಹಿಂದೆ ಓಡಾಡುತ್ತಿದ್ದ. ಇವಳನ್ನು ನೋಡುವುದಕ್ಕಿಂತ ವಾರಕ್ಕೊಮ್ಮೆ ಇವಳ ನೋಟ್‌ಬುಕ್ ನೋಡುವುದೇ ಹೆಚ್ಚು. ನೋಡಿ ತಲೆ ಕೆರೆದುಕೊಳ್ಳುವನು. "ಇನ್ನೂ ಸ್ವಲ್ಪ ಬೇಗ ಅಕ್ಕ." ಇವಳು ತಲೆಯಾಡಿಸುವಳು. ಬೇಗ ಅಂದರೆ ಎಲ್ಲಿಂದ ತರುವುದು? ಕೊಳದಿಂದ ಲಾಂಡ್ರಿಗೆ ಬರುವಾಗ ಬಸ್ಸಿನ ಕಂಬಿ ಹಿಡಿಯಲು ಕೈ ಮೇಲೇಳುತ್ತಿರಲಿಲ್ಲ. ಬೆಡ್‌ಶೀಟ್ ಕೊಡವುವಾಗ ತುದಿ ಜಾರುತ್ತಿತ್ತು. ಅಜ್ಜಿ ಬಗ್ಗಿ ಎತ್ತಿಕೊಡುವಳು.

ಮೂರನೆಯ ತಿಂಗಳಲ್ಲಿ ಊರಿಗೆಲ್ಲ ಜ್ವರ ಬಂದು ವಾರ್ಡುಗಳು ತುಂಬಿದವು. ನಾಲ್ಕು ದಿನ ಎರಡೆರಡು ಪಾಳಿ. ಐದನೆಯ ದಿನ ನೀರಿಗಿಳಿದವಳಿಗೆ ಇಪ್ಪತ್ತಕ್ಕೇ ಕೈ ಬಿದ್ದುಹೋಯಿತು. ಏಣಿ ಹತ್ತಿ ಬಂದು ಬರೆದಳು: ಇಪ್ಪತ್ತು. ಆಗಲಿಲ್ಲ. ಅವತ್ತು ಮನೆಯಲ್ಲಿ ತಟ್ಟೆಯ ಮುಂದೆ ಕೂತು, "ನನ್ ಕೈಲಿ ಆಗಲ್ಲ ಕಣ್ರೀ, ಬಿಟ್ಬಿಡ್ತೀನಿ" ಅಂದಳು. ಬಿಡು ಪೀಡೆ ಹೋಯಿತು ಅನ್ನುತ್ತಾನೆ ಅಂದುಕೊಂಡಿದ್ದಳು.

"ಬಿಡೋದಾದ್ರೆ ಮುಂದಿನ ವಾರ ಬಿಡು" ಅಂದ ಗಂಡ. "ಇವತ್ತು ತಾನೆ ಹೊಸ ಟ್ಯೂಬ್ ಹಾಕಿದೀನಿ."

ಮುಂದಿನ ವಾರವೂ ಬಿಡಲಿಲ್ಲ, ಅದರ ಮುಂದಿನ ವಾರವೂ ಬಿಡಲಿಲ್ಲ. ಆದರೆ ನಿಮಿಷ ಇಳಿಯಲಿಲ್ಲ. ಐದು ತಿಂಗಳಾಯಿತು. ಕಡೆಗೆ ಕೋಚ್ ಅವಳನ್ನು ಪಕ್ಕಕ್ಕೆ ಕರೆದ. ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ.

"ಅಕ್ಕ, ಸ್ಪರ್ಧೆ ದಿನ ಕೆರೇಲಿ ಈಜ್ಬೇಕು. ನಡುವೆ ಹಿಡ್ಕೊಳ್ಳೋಕೆ ಗೋಡೆ ಇರಲ್ಲ. ಭಾನುವಾರ ಪರೀಕ್ಷೆ ಇಟ್ಟಿದೀನಿ. ಎಂಬತ್ತು, ಒಂದು ಗಂಟೇಲಿ. ಆಗ್ಲಿಲ್ಲ ಅಂದ್ರೆ ನಿಮ್ಮ ಹೆಸರು ತೆಗೀಬೇಕಾಗುತ್ತೆ. ಎಣಿಸೋಕೆ ಯಾರನ್ನಾದ್ರೂ ಕರ್ಕೊಂಡು ಬನ್ನಿ."

ಎಣಿಸುವುದಕ್ಕೆ ಅವಳಿಗೆ ಗೊತ್ತಿದ್ದವರು ಒಬ್ಬರೇ.

ಭಾನುವಾರ ಅಜ್ಜಿ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಸಿಕ್ಕಿಸಿ, ಕೊಳದ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು. ಪರೀಕ್ಷೆಗೆ ಆರು ಜನ ಇದ್ದರು. ಕೋಚ್ ಸೀಟಿ ಊದಿದ. ಅಕ್ಕ ಅಜ್ಜಿಯ ಕಾಲ ಬುಡದಿಂದಲೇ ಹೊರಟಳು. ಹತ್ತರವರೆಗೆ ಮೈ ಹಗುರಾಗಿತ್ತು. ಇಪ್ಪತ್ತಕ್ಕೆ ಭುಜ ಕಾದಿತು. ಮೂವತ್ತಾಗುವ ಹೊತ್ತಿಗೆ ಎಷ್ಟು ಹೊತ್ತಾಗಿದೆ ಅಂತ ನೋಡುವ ಧೈರ್ಯವೂ ಉಳಿದಿರಲಿಲ್ಲ. ಎಂಬತ್ತು ತನ್ನ ಹಣೆಯಲ್ಲಿ ಬರೆದಿಲ್ಲ ಅಂತ ಅವಳಿಗೆ ಆಗಲೇ ಗೊತ್ತಾಗಿಹೋಗಿತ್ತು. ಆದರೂ ಕೈ ಬೀಸುವುದು ನಿಲ್ಲಲಿಲ್ಲ. ನಿಲ್ಲಿಸಬೇಕು ಅಂತ ಯೋಚಿಸುವುದಕ್ಕೂ ತ್ರಾಣ ಬೇಕಲ್ಲ.

ಕೊನೆಯ ಸೀಟಿ ಕೂಗಿದಾಗ ಅವಳು ಅಜ್ಜಿಯ ಕಾಲ ಬುಡದ ಗೋಡೆಯನ್ನು ಆಗಷ್ಟೇ ಮುಟ್ಟಿದ್ದಳು.

"ನಲವತ್ಮೂರು" ಅಂದಳು ಅಜ್ಜಿ, ಮೆಲ್ಲಗೆ.

ಕೋಚ್ ಪಟ್ಟಿ ಹಿಡಿದು ಬಂದ. ಅವನ ಮುಖವೂ ಸಪ್ಪಗಾಯಿತು. "ಬೇಜಾರ್ ಮಾಡ್ಕೋಬೇಡಿ ಅಕ್ಕ" ಅಂದವನು ನಲವತ್ಮೂರು ಅಂತ ಬರೆದು, ಹೆಸರಿನ ಮೇಲೆ ಗೆರೆ ಎಳೆಯಲು ಪೆನ್ನು ಊರಿ, ಅಲ್ಲೇ ನಿಂತ.

"ಅಜ್ಜಿ, ನಲವತ್ಮೂರು ಅಂದ್ರಾ? ಅದು ಬೆಸ. ಈ ಕಡೆಯಿಂದ ಹೊರಟೋರು ಬೆಸಕ್ಕೆ ಆ ಕಡೆ ಇರ್ಬೇಕು. ಇವರು ಇಲ್ಲೇ ಇದಾರಲ್ಲ."

ಅಜ್ಜಿಗೆ ಸಿಟ್ಟು ಬಂತು. "ಮೂವತ್ತು ವರ್ಷದಿಂದ ಎಣಿಸ್ತಾ ಇದೀನಪ್ಪ, ನನ್ನ ಎಣಿಕೆ ತಪ್ಪಲ್ಲ. ಹೋಗಿ ಬಂದ್ರೆ ಒಂದು. ಹಾಗೆ ನಲವತ್ಮೂರು."

"ಹೋದ್ರೇನೇ ಒಂದು ಅಜ್ಜಿ. ಬಂದ್ರೆ ಇನ್ನೊಂದು."

ಅವನು ಪಟ್ಟಿಯಲ್ಲಿ ನಲವತ್ಮೂರರ ಕೆಳಗೆ ಇನ್ನೊಂದು ನಲವತ್ಮೂರು ಬರೆದು ಕೂಡಿಸಿದ.

"ಎಂಬತ್ತಾರು" ಅಂದ ಕೋಚ್. ಆಮೇಲೆ ನೀರಿನ ಕಡೆ ಬಗ್ಗಿ, "ಅಕ್ಕ, ದಿನಾನೂ ಹೀಗೇ ಎಣಿಸ್ತಿದ್ರಾ?" ಅಂತ ಕೇಳಿದ. ಅವಳು ಹೌದೆಂದು ತಲೆಯಾಡಿಸಿದಳು. ಅವನು ಅಲ್ಲೇ ಒದ್ದೆ ನೆಲದ ಮೇಲೆ ಕುಕ್ಕರಿಸಿದ. "ನಾನು ಒಂದ್ಸಲನಾದ್ರೂ ನಿಂತು ನೋಡ್ಬೇಕಿತ್ತು" ಅಂದ.

ಖುಷಿಯಾಗಬೇಕಿತ್ತು. ಆಗಲಿಲ್ಲ. ಐದು ತಿಂಗಳ ದಣಿವೆಲ್ಲ ಒಂದೇ ಸಲಕ್ಕೆ ಬಂದು ಅವಳ ಕುತ್ತಿಗೆಯ ಮೇಲೆ ಕೂತಿತು. ಅಷ್ಟು ದಿನವೂ ತನ್ನ ಕೈಲಾಗದು ಅಂದುಕೊಂಡು ಮಲಗಿದ್ದಳಲ್ಲ, ಆ ದಿನಗಳಿಗೆ ಯಾರು ಹೊಣೆ? ಕೋಚ್ ಮೇಲೆ ಸಿಟ್ಟು ಬಂತು, ತನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು, ಎರಡೂ ನಿಲ್ಲಲಿಲ್ಲ. ಅಜ್ಜಿ ಕೈ ಹಿಡಿದು ಏಣಿ ಹತ್ತಿಸಿದಳು.

"ಈ ಎಣಿಕೆ ಕಲಿಸಿದ್ದು ನಾನೇ ಅಲ್ವೇನೇ" ಅಂದಳು, ಟವೆಲ್ ಹೊದಿಸುತ್ತಾ.

"ಸುಮ್ನಿರು ಅಜ್ಜಿ. ನೀನು ಕಲಿಸದೇ ಇದ್ದಿದ್ರೆ ಅಷ್ಟು ಈಜ್ತಾನೇ ಇರ್ಲಿಲ್ಲ."

ಕೋಚ್ ನೋಟ್‌ಬುಕ್ ತಿದ್ದಿಕೊಡುತ್ತೇನೆ ಅಂದ. ಅಕ್ಕ ಕೊಡಲಿಲ್ಲ. ಬೆಂಚಿನ ಮೇಲೆ ಕೂತು ಮೊದಲ ಪುಟದಿಂದ ತಾನೇ ಹಿಡಿದಳು. ನಲವತ್ತನ್ನು ಹೊಡೆದು ಎಂಬತ್ತು. ಮೂವತ್ತನ್ನು ಹೊಡೆದು ಅರವತ್ತು. ಕೂದಲಿನ ನೀರು ಪುಟದ ಮೇಲೆ ತೊಟ್ಟಿಕ್ಕುತ್ತಿತ್ತು. ಅಜ್ಜಿ ಪಕ್ಕದಲ್ಲಿ ಕೂತು ಒಂದೊಂದು ಪುಟ ತಿರುವಿ ಹಿಡಿದುಕೊಂಡಳು, ಮೇಜಿನ ಆ ತುದಿಯಲ್ಲಿ ಹಿಡಿಯುವ ಹಾಗೆಯೇ.

"ಬೇಗ ಬೇಗ ಆಗ್ಲಿ" ಅಂದಳು. "ನಿನ್ನೆ ಸಂಜೇದೂ ಸೇರಿ ಎರಡು ಗಾಡಿ ಕಾಯ್ತಾ ಇವೆ."

ಮೂರನೆಯ ತಿಂಗಳ ಆ ಪುಟ ಬಂತು. ಇಪ್ಪತ್ತು. ಆಗಲಿಲ್ಲ. ಅಕ್ಕ ಇಪ್ಪತ್ತನ್ನು ಹೊಡೆದು ನಲವತ್ತು ಅಂತ ಬರೆದಳು. ಬರೆದ ಮೇಲೆ ಪುಟದ ನೆತ್ತಿಗೆ ಅಂಟಿಸಿದ್ದ ಅವತ್ತಿನ ಚೀಟಿಯ ಕಡೆ ನೋಡಿದಳು. ಕೋಚ್ ಅವತ್ತು ಕೇಳಿದ್ದೂ ನಲವತ್ತೇ. ನಾಲ್ಕು ದಿನ ಎರಡೆರಡು ಪಾಳಿ ದುಡಿದು ಬಂದು, ಕೈ ಬಿದ್ದುಹೋದ ಆ ಬೆಳಿಗ್ಗೆ, ಕೇಳಿದ್ದಷ್ಟನ್ನೂ ಅವಳು ಮಾಡಿಯೇ ಏಣಿ ಹತ್ತಿದ್ದಳು. ಮಾಡಿ, ಮನೆಗೆ ಹೋಗಿ, ಆಗಲ್ಲ ಅಂದಿದ್ದಳು.

ಅಜ್ಜಿ ಪುಟ ತಿರುವಲು ಕೈ ಚಾಚಿದಳು. ಅಕ್ಕ ಆ ಕೈಯನ್ನು ತಡೆದು ಹಿಡಿದುಕೊಂಡಳು. 'ಆಗಲಿಲ್ಲ' ಅನ್ನುವುದರ ಮೇಲೆ ನಿಧಾನವಾಗಿ ಒಂದು ಗೆರೆ ಎಳೆದು, ಅದರ ಪಕ್ಕದಲ್ಲಿ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, 'ಮುಗೀತು' ಅಂತ ಬರೆದಳು.